ಓರಗಿತ್ತಿಗೂ ಅದೇ ವೇಗ

ಹೊಲಿಗೆ ಯಂತ್ರದ ಕಾಯಿಲೆಯನ್ನು ಫೋನಿನಲ್ಲೇ ಕೇಳಿ ಹೇಳುವ ಹೆಂಗಸನ್ನು ಊರವರು ಕಿವಿಯಕ್ಕ ಎನ್ನುತ್ತಿದ್ದರು. ಹಿಂಬದಿಯ ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಗೋಡೆಯುದ್ದಕ್ಕೂ ಬಿಚ್ಚಿಟ್ಟ ಯಂತ್ರಗಳು. ಅವಳ ಇಂಟರ್ನೆಟ್ ಕಂಪನಿ ಎಂದರೆ ಇಷ್ಟೇ. ದರ್ಜಿಗಳು ಅವಳ ಜಾಲತಾಣದ ಮೂಲಕ ಕರೆಮಾಡಿ, ಫೋನನ್ನು ಯಂತ್ರದ ಪಕ್ಕದಲ್ಲಿಟ್ಟು ಚಕ್ರ ತಿರುಗಿಸುತ್ತಿದ್ದರು. ಇವಳು ಕಣ್ಣು ಮುಚ್ಚಿ ಕೇಳಿ, ಇಂಥ ತಿರುಪೇ ಸಡಿಲವಾಗಿದೆ ಎಂದುಬಿಡುತ್ತಿದ್ದಳು.

ಈ ವಿದ್ಯೆ ಬಲ್ಲವಳು ಇನ್ನೊಬ್ಬಳಿದ್ದಳು, ಮೈದುನನ ಹೆಂಡತಿ. ಇವಳ ಪಕ್ಕದಲ್ಲೇ ಕೂತು ಎಲ್ಲ ಕಲಿತು, ಮೂರು ತಿಂಗಳ ಹಿಂದೆ ತನ್ನದೇ ತಾಣ ತೆರೆದಿದ್ದಳು ಮಹಾರಾಯ್ತಿ! ಅಂದಿನಿಂದ ಓರಗಿತ್ತಿಯರಿಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

ಅಷ್ಟರಲ್ಲಿ ಕಿವಿಯಕ್ಕ ಹೇಳಿದ್ದೆಲ್ಲ ತಪ್ಪಾಗತೊಡಗಿತು. ಯಂತ್ರದಲ್ಲಿ ಸರಿಯಾಗಿದ್ದ ಭಾಗವನ್ನೇ ಬಿಚ್ಚಿಸಿ ಒಬ್ಬ ದರ್ಜಿಯ ಇಡೀ ದಿನ ಹಾಳುಮಾಡಿದಳು.

“ಅಕ್ಕಾ, ನಿಮ್ಮ ಕಿವಿಗೇನಾಯ್ತು?” ಎಂದು ಅವನು ಕೇಳಿದಾಗ ಅವಳಿಗೆ ಅಳುವೇ ಬಂತು. ಗಿರಾಕಿಗಳು ಒಬ್ಬೊಬ್ಬರೇ ಜಾರಿಕೊಂಡರು. ಹೀಗೇ ಹೋದರೆ ತಿಂಗಳೊಳಗೆ ಬಾಗಿಲು ಹಾಕಬೇಕಿತ್ತು.

ಅವಳು ಸುಮ್ಮನೆ ಕೂರುವ ಪೈಕಿಯಲ್ಲ. ತನ್ನದೇ ಯಂತ್ರ ಓಡಿಸಿ, ಒಂದೇ ಫೋನಿನಿಂದ ಮೂರು ತಾಣಗಳಿಗೆ ಕರೆಮಾಡಿ, ಕರೆ ಮುಗಿದ ಮೇಲೆ ತಾಣಗಳು ಗಿರಾಕಿಗೆ ಕಳಿಸುವ ಧ್ವನಿಮುದ್ರಣ ಮೂರನ್ನೂ ಕೇಳಿದಳು. ನೆಟ್‌ವರ್ಕ್ ಕಂಪನಿ ತಾನೇ ಹೊಸದಾಗಿ ಶುರುಮಾಡಿದ ರಿಪೇರಿ ತಾಣದಲ್ಲಿ ಸದ್ದು ಸ್ಪಷ್ಟ. ಇವಳದರಲ್ಲಿ ಚೂರು ಚೂರು. ಓರಗಿತ್ತಿಯದರಲ್ಲೂ ಅದೇ ಪಾಡು. ತಪ್ಪು ಕಿವಿಯದಲ್ಲ, ತನ್ನ ತಾಣಕ್ಕೆ ವೇಗ ಕೊಟ್ಟು ಉಳಿದವರದನ್ನು ಬೇಕೆಂದೇ ನಿಧಾನ ಮಾಡಿದ ಕಂಪನಿಯದು! ಮೈಯೆಲ್ಲ ಉರಿದುಹೋಗಿ ಅವಳು ಇಂಥ ಕಂಪನಿಗಳ ಮೇಲೆ ನಿಗಾ ಇಡುವ ಇಂಟರ್ನೆಟ್ ಮಂಡಳಿಗೆ ದೂರು ಬರೆದಳು.

ವಿಚಾರಣೆಯ ಹಿಂದಿನ ದಿನ ನೆಟ್‌ವರ್ಕ್ ಕಂಪನಿಯ ಅಧಿಕಾರಿ ಮನೆಗೇ ಬಂದ.

“ನಿಮಗೆ ನಾಳೆಯಿಂದಲೇ ವೇಗದ ದಾರಿ ಕೊಡ್ತೀವಿ ಮೇಡಂ, ಪುಕ್ಕಟೆ. ದೂರು ವಾಪಸ್ ತಗೊಳ್ಳಿ ಸಾಕು.”

“ನಮ್ಮ ಓರಗಿತ್ತಿಗೆ?”

“ಅವರಿಗ್ಯಾಕೆ? ತಾವಾಗೇ ಅಂಗಡಿ ಮುಚ್ಕೊಂಡು ಹೋಗ್ತಾರೆ.”

ಸುಳ್ಳೇಕೆ ಹೇಳಬೇಕು, ಅವಳ ಹೊಟ್ಟೆ ತಣ್ಣಗಾಯಿತು. ಸಹಿಗೆಂದು ಪೆನ್ನನ್ನೂ ಎತ್ತಿಕೊಂಡಳು. ಆಗ ಹೊಳೆಯಿತು: ತಾನು ಶುರುಮಾಡಿದಾಗ ಯಾರ ಕೃಪೆಯಿತ್ತು? ದೊಡ್ಡವರ ಪುಟ ಎಷ್ಟು ಬೇಗ ತೆರೆಯುತ್ತಿತ್ತೋ ತನ್ನದೂ ಅಷ್ಟೇ ಬೇಗ ತೆರೆಯುತ್ತಿತ್ತು; ಜನ ಎರಡನ್ನೂ ನೋಡಿ ತನ್ನನ್ನು ಆರಿಸಿಕೊಂಡರು. ಇವತ್ತು ದಾರಿ ಬಿಟ್ಟವನು ನಾಳೆ ಅಡ್ಡ ನಿಂತರೆ ಕೇಳುವವರು ಯಾರು?

“ನಾಳೆ ಅಲ್ಲೇ ಸಿಗೋಣ,” ಎಂದು ಪೆನ್ನು ಕೆಳಗಿಟ್ಟಳು.

ಮರುದಿನ ಮಂಡಳಿಯ ಸಭೆಯಲ್ಲಿ ಮೂರೂ ಧ್ವನಿಮುದ್ರಣ ಕೇಳಿಸಿದಳು. ಓರಗಿತ್ತಿ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು.

“ನಿಮಗೆ ವೇಗ ಕೊಡೋಕೆ ಕಂಪನಿ ಒಪ್ಪಿದೆಯಂತಲ್ಲ, ಮತ್ತೇನು ತಕರಾರು?” ಎಂದು ಅಧ್ಯಕ್ಷೆ ಕೇಳಿದರು.

“ಅವಳಿಗೂ ಅದೇ ವೇಗ ಬೇಕು. ನಾಳೆ ಶುರುಮಾಡೋರಿಗೂ ಬೇಕು.”

ಅಧಿಕಾರಿ ನಕ್ಕ. “ಇವರಿಬ್ರೂ ಮಾತೇ ಆಡಲ್ಲ ಮೇಡಂ!”

“ಆಡಲ್ಲ, ಏನಿವಾಗ?” ಕಿವಿಯಕ್ಕ ಅವನತ್ತ ತಿರುಗಿದಳು. “ಅವಳು ಸೋತ್ರೆ ನನ್ನ ಕೆಲಸಕ್ಕೆ ಸೋಲ್ಬೇಕು, ನಿಮ್ಮ ತಂತಿಗಲ್ಲ. ಅವಳನ್ನ ಸೋಲಿಸೋಕೆ ನಾನೊಬ್ಬಳೇ ಸಾಕು.”

ಅಧ್ಯಕ್ಷೆ ನಗು ತಡೆದುಕೊಂಡು, ಎಲ್ಲ ತಾಣಗಳಿಗೂ ಒಂದೇ ವೇಗವಿರಬೇಕೆಂದು ಅಲ್ಲೇ ಆದೇಶ ಬರೆಸಿದರು. ಕೊನೆಯ ಸಾಲಿನಲ್ಲಿ ಓರಗಿತ್ತಿ ಎದ್ದು ನಿಂತಳು.

“ನೋಡೇಬಿಡೋಣ ಬಾ ಅಕ್ಕಾ!”