ಕುರಿಯ ತಲೆ ಯಾರ ಮುಂದೆ?

ಕೋಕ್‌ತಾಶ್ ಊರಿನ ಸೇತುವೆಯ ಉದ್ಘಾಟನೆಗೆ ಬಂದ ದೊಡ್ಡ ಮನುಷ್ಯರು ಎಷ್ಟೆಂದರೆ, ರಿಬ್ಬನ್ ಕತ್ತರಿಸಲು ಕತ್ತರಿ ಸಾಲದೆ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯನ್ನೂ ಎರವಲು ತಂದಿದ್ದರು. ಊಟದ ಹೊತ್ತಿಗೆ ಇನ್ನೊಂದು ರಾದ್ಧಾಂತ. ಬೇಯಿಸಿದ ಕುರಿಯ ತಲೆ ಯಾರ ಮುಂದೆ ಬರುತ್ತದೋ ಅವನೇ ಆ ಪಂಕ್ತಿಗೆ ಹಿರಿಯ. ಅಂದಿನ ಪ್ರಾಂತ್ಯಾಧಿಕಾರಿಯೂ ಉಪಮಂತ್ರಿಯೂ ಆ ತಲೆಗಾಗಿ ನಗುನಗುತ್ತಲೇ ತಟ್ಟೆ ಎಳೆದಾಡಿ, ಸಾರು ಚೆಲ್ಲಿ ಇಬ್ಬರೂ ಕೋಟು ಹಾಳುಮಾಡಿಕೊಂಡಿದ್ದರು.

ಅದೇ ಸೇತುವೆ ಈ ಬೇಸಿಗೆಯಲ್ಲಿ ನಡುವಿಗೆ ಸರಿಯಾಗಿ ಕುಸಿಯಿತು. ಆಗ ಅದರ ಮೇಲಿದ್ದದ್ದು ಸಾತಿಬಾಲ್ದಿಯ ಹಳೆಯ ಲಾರಿ ಒಂದೇ. ಮಗಳು ಕಾನಿಮೆತ್‌ಳ ಮದುವೆಗೆ ಮುಂಚಿತವಾಗಿ ಕೊಡುಗೆಯ ಸಾಮಾನನ್ನು ಆಚೆ ದಡದ ಬೀಗರ ಮನೆಗೆ ಒಯ್ಯುತ್ತಿದ್ದ. ಲಾರಿಯ ಹಿಂಭಾಗ ಕೆಳಗೆ ವಾಲಿ, ಸಾಮಾನೆಲ್ಲ ನದಿಗೆ ಜಾರಿತು. ಸಾತಿಬಾಲ್ದಿ ಕಿಟಕಿಯಿಂದ ಹೊರಬಿದ್ದು, ಕಂಬಿ ಹಿಡಿದು ದಡ ಸೇರಿದ. ಜೀವ ಉಳಿಯಿತು. ಬುದ್ಧಿ ಮಾತ್ರ ಇನ್ನೂ ನಡುಗುತ್ತಿತ್ತು ಎನ್ನಬೇಕು, ಯಾಕೆಂದರೆ ಟೀವಿಯ ಹುಡುಗಿ ಬಂದು ಮೈಕು ಹಿಡಿದಾಗ ಅವನು ಆಡಿದ ಮಾತು ಹಾಗಿತ್ತು.

"ಲಾರೀಲಿ ಏನೇನಿತ್ತು ಅಪ್ಪಾ?" ಎಂದು ಅವಳು ಕೇಳಿದಳು.

ಬೀಗರು ಟೀವಿ ನೋಡುತ್ತಿರುತ್ತಾರೆ ಎನ್ನುವುದು ಸಾತಿಬಾಲ್ದಿಯ ತಲೆಗೆ ಮೊದಲು ಹೊಳೆಯಿತು. ಹೆಣ್ಣು ಕೊಡುವ ಅಪ್ಪ ಕ್ಯಾಮೆರಾದ ಮುಂದೆ ಏನೆಂದಾನು? ಬರೀ ಹಾಸಿಗೆ ದಿಂಬು ಅಂದಾನೆಯೇ? ಟೋಪಿ ಸರಿಮಾಡಿಕೊಂಡು ಎದೆಯುಬ್ಬಿಸಿ ಹೇಳಿದ: "ಏನಿರಲಿಲ್ಲ ಕೇಳು ಮಗಳೇ! ಫ್ರಿಜ್ಜು, ವಾಷಿಂಗ್ ಮೆಷಿನ್ನು, ಕಬ್ಬಿಣದ ಪಟ್ಟಿ ಹೊಡೆದ ದೊಡ್ಡ ಪೆಟ್ಟಿಗೆ. ಲಾರಿ ಏಳೋಕೇ ಆಗ್ತಿರಲಿಲ್ಲ, ಅಷ್ಟು ಭಾರ!"

ಒಂದು ವಾರ ಟೀವಿಯಲ್ಲಿ ಹಬ್ಬವೋ ಹಬ್ಬ. ಉಪಮಂತ್ರಿ ಪ್ರಾಂತ್ಯಾಧಿಕಾರಿಯತ್ತ ಬೆರಳು ತೋರಿಸಿದ. ಈಗಿನ ಪ್ರಾಂತ್ಯಾಧಿಕಾರಿ ತನಗಿಂತ ಹಿಂದೆ ಆ ಕುರ್ಚಿಯಲ್ಲಿದ್ದ ಮಾಜಿಯತ್ತ ತೋರಿಸಿದ. ಮಾಜಿ ಈಗ ವಿರೋಧ ಪಕ್ಷದಲ್ಲಿದ್ದುದರಿಂದ ಸುತ್ತಲೂ ಎಲ್ಲರತ್ತ ತೋರಿಸಿದ. ಗುತ್ತಿಗೆದಾರ ನದಿಯನ್ನೇ ಬೈದ. ಹಾವು ಮುಂಗುಸಿಯಂತಿದ್ದ ಇವರೆಲ್ಲ ಕೊನೆಗೆ ಒಂದು ವಿಷಯದಲ್ಲಿ ಒಂದಾದರು: ತಪ್ಪು ಲಾರಿಯದು, ಅತಿಭಾರ. ಸಾಕ್ಷಿ ಬೇರೆ ಬೇಕೇ, ಚಾಲಕನೇ ಹೇಳಿದ್ದಾನಲ್ಲ! ಸಾತಿಬಾಲ್ದಿ ಎದೆಯುಬ್ಬಿಸುವ ದೃಶ್ಯ, ಹಿಂದೆಯೇ ಕೆಂಪು ಹಸಿರು ಹಾಸಿಗೆಗಳು ನದಿಯಲ್ಲಿ ತೇಲಿಹೋಗುವ ದೃಶ್ಯ, ಎರಡನ್ನೂ ಬೆಳಗಿಂದ ಸಂಜೆಯವರೆಗೆ ತೋರಿಸಿದ್ದೇ ತೋರಿಸಿದರು.

"ಬಂದ ನೋಡು ನಮ್ಮನೆ ಪೈಲ್ವಾನ," ಎಂದು ಟೀವಿ ಕಡೆ ಕೈ ತೋರಿಸಿದಳು ಹೆಂಡತಿ ತುರ್ಗಾನ್. "ಅಲ್ಲಾ ಮುದುಕಾ, ಇಲ್ಲದ ಫ್ರಿಜ್ಜಿಗೆ ನಾನು ಯಾವ ಬಣ್ಣ ಅಂತ ಹೇಳ್ಲಿ? ಪಕ್ಕದ್ಮನೆಯವಳು ಕೇಳಿದ್ಲು, ಬಿಳಿ ಅಂದೆ. ಎದುರುಮನೆಯವಳಿಗೆ ಬೂದು ಅಂದ್ಬಿಟ್ಟಿದೀನಿ. ಇಬ್ರೂ ಬಾವೀ ಹತ್ರ ಸೇರಿದ್ರೆ ನನ್ನ ಕಥೆ ಮುಗೀತು."

"ಎರಡು ಫ್ರಿಜ್ಜು ಅನ್ನು."

"ಸರಿ, ನಿನ್ನನ್ನ ಜೈಲಿಗೆ ಹಾಕ್ದಾಗ ಒಂದನ್ನ ಅಲ್ಲಿಗೇ ಕಳಿಸ್ತೀನಿ." ಅಷ್ಟು ಹೇಳಿ ತುರ್ಗಾನ್ ತಮಾಷೆ ಬಿಟ್ಟಳು. "ನಾಳೆ ತನಿಖೆಯವರು ಬಂದು, ತಪ್ಪೆಲ್ಲ ನಿಂದೇ ಅನ್ನೋ ವರದಿಗೆ ಸಹಿ ಹಾಕ್ತಾರಂತೆ. ನಿಜ ಹೇಳ್ಬಿಡೋ."

"ಹೇಳಿದ್ರೆ? ಅಪ್ಪ ದಿಂಬು ಕಳ್ಸಿ ಫ್ರಿಜ್ಜು ಅಂದ ಅಂತ ನಮ್ಮ ಹುಡುಗಿ ಆ ಮನೇಲಿ ಸಾಯೋವರೆಗೂ ಮಾತು ಕೇಳ್ಬೇಕು. ಅದಕ್ಕಿಂತ ಜೈಲೇ ವಾಸಿ ಕಣೇ."

ತುರ್ಗಾನ್ ಎದ್ದು ಟೀವಿ ಆರಿಸಿದಳು. ಆ ಹಾಸಿಗೆಗಳನ್ನು ಚಳಿಗಾಲವೆಲ್ಲ ಕೂತು ಹೊಲಿದವಳು ಅವಳೇ.

ಮರುದಿನ ಊರವರು ಹೊಳೆದಂಡೆಯಲ್ಲಿ ಕುರಿ ಕಡಿದು, ಒಂದು ಜೀವವೂ ಹೋಗಲಿಲ್ಲವೆಂದು ದೇವರಿಗೆ ಕೃತಜ್ಞತೆಯ ಊಟ ಇಟ್ಟುಕೊಂಡಿದ್ದರು. ಸರಿಯಾಗಿ ಆಗಲೇ, ತನಿಖೆಗೆಂದು ಉಪಮಂತ್ರಿಯಿಂದ ಗುತ್ತಿಗೆದಾರನವರೆಗೆ ಎಲ್ಲರನ್ನೂ ಹೊತ್ತ ಸರ್ಕಾರಿ ಕಾರುಗಳು ಬಂದವು. ಬಂದವರನ್ನು ಉಣ್ಣಿಸದೆ ಕಳಿಸುವುದುಂಟೇ? ಎಲ್ಲರನ್ನೂ ಕೂರಿಸಿದರು. ಉದ್ಘಾಟನೆಯ ದಿನ ಮೇಲಿನ ಜಾಗಕ್ಕೆ ನುಗ್ಗಿದ್ದ ಇಂಥ ಮಹನೀಯರೇ ಇಂದು ಚಪ್ಪಲಿ ಬಿಡುವ ಕಡೆಯೇ ಕೂರಲು ಪೈಪೋಟಿ ನಡೆಸಿದರು. ಟೀವಿಯ ಹುಡುಗಿ ಕ್ಯಾಮೆರಾ ನಿಲ್ಲಿಸಿ, ನೇರ ಪ್ರಸಾರ ಎಂದು ಎಲ್ಲರಿಗೂ ಸಾರಿದಳು. ಸಾತಿಬಾಲ್ದಿ ಆರೋಪಿಯಾದ್ದರಿಂದ ಹಾಸಿನ ತುದಿಯಲ್ಲಿ, ನಾಯಿಗಳಿಗಿಂತ ಸ್ವಲ್ಪ ಈಚೆ ಕೂತಿದ್ದ.

ಊರಿನ ಹಿರಿಯ ಮಾಂಬೆತ್‌ಕುಲ್ ಅಜ್ಜ ಕುರಿಯ ತಲೆಯಿದ್ದ ತಟ್ಟೆ ತಂದು ಉಪಮಂತ್ರಿಯ ಮುಂದಿಟ್ಟ. "ಸ್ವೀಕರಿಸಬೇಕು ಸಾಹೇಬ್ರೇ. ಇಲ್ಲಿಗೆಲ್ಲ ದೊಡ್ಡೋರು ನೀವು."

ಉಪಮಂತ್ರಿ ಒಮ್ಮೆ ತಲೆಯನ್ನೂ ಒಮ್ಮೆ ಕ್ಯಾಮೆರಾವನ್ನೂ ನೋಡಿದ. "ಛೆ ಛೆ, ನಾನು ರಾಜಧಾನಿಯಿಂದ ಬಂದ ಅತಿಥಿ ಅಷ್ಟೆ. ಈ ಪ್ರಾಂತ್ಯಕ್ಕೆ ದೊಡ್ಡೋರು ಇವರು," ಎಂದು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

"ನಾನು ಬಂದಿದ್ದೇ ಮೊನ್ನೆ ಮೊನ್ನೆ," ಎಂದ ಪ್ರಾಂತ್ಯಾಧಿಕಾರಿ. "ಆ ಕಾಲದಲ್ಲಿ ಯಾರು ದೊಡ್ಡೋರಾಗಿದ್ರೋ ಅವರಿಗೇ ಸಲ್ಲಬೇಕು."

ಮಾಜಿಗೆ ಏಕಾಏಕಿ ವಯಸ್ಸಾಯಿತು. "ನಂದೇನಿದೆ ಸ್ವಾಮಿ, ಪಿಂಚಣಿ ತಿಂದ್ಕೊಂಡಿರೋ ಬಡಪಾಯಿ. ಹಲ್ಲೂ ಸರಿಯಿಲ್ಲ. ಗುತ್ತಿಗೆದಾರರು ತಗೊಳ್ಳಲಿ, ಕಟ್ಟಿದವರು."

"ಅಯ್ಯೋ, ನನಗೆ ಕೊಬ್ಬು ಆಗಲ್ಲ, ಡಾಕ್ಟರು ಬೇಡ ಅಂದಿದಾರೆ," ಎಂದ ಗುತ್ತಿಗೆದಾರ ತಟ್ಟೆಯನ್ನು ಮತ್ತೆ ಉಪಮಂತ್ರಿಯತ್ತ ಜಾರಿಸಿದ. ಅವನ ಹೊಟ್ಟೆ ನೋಡಿದವರಿಗೆ ಆ ಡಾಕ್ಟರ ಮೇಲೆ ಕನಿಕರ ಹುಟ್ಟುವಂತಿತ್ತು.

ತಲೆ ಪಂಕ್ತಿಯನ್ನು ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತಿಗೆ ಹೊರಟಿತು. ಅದನ್ನು ತೆಗೆದುಕೊಳ್ಳುವವರೆಗೆ ಬೇರೆ ಯಾರೂ ಊಟಕ್ಕೆ ಕೈ ಹಾಕುವಂತಿಲ್ಲ. ಮಕ್ಕಳು ಅಳತೊಡಗಿದರು. ಹಂಡೆಯ ಪಕ್ಕದಿಂದ ತುರ್ಗಾನ್ ಕೂಗಿದಳು: "ಕೊಬ್ಬು ಗಟ್ಟಿಯಾಗ್ತಾ ಇದೆ ಮಹಾರಾಯರೇ! ಯಾರಾದ್ರೂ ಒಬ್ರು ದೊಡ್ಡೋರಾಗಿ!"

ಸಾತಿಬಾಲ್ದಿಗೆ ಏನನ್ನಿಸಿತೋ. ವಾರದಿಂದ ನುಂಗಿಕೊಂಡಿದ್ದ ಸಿಟ್ಟು ಇದ್ದಿರಬೇಕು, ಹಸಿವೂ ಇತ್ತು. ಕೈ ಚಾಚಿ ಅಂದ: "ಇತ್ತ ಕೊಡಿ."

ಎಲ್ಲರೂ ತಿರುಗಿದರು.

"ಸರ್ಕಾರ ಕಟ್ಟಿದ ಸೇತುವೇನ ಒಬ್ಬನೇ ಮುರಿದವನು ನಾನು ತಾನೇ? ನೀವೇ ಹೇಳಿದ್ದು. ನನಗಿಂತ ದೊಡ್ಡೋರು ಇಲ್ಲಿ ಇನ್ಯಾರಿದಾರೆ?"

ಮಾಂಬೆತ್‌ಕುಲ್ ಅಜ್ಜ ಗಡ್ಡದೊಳಗೇ ನಕ್ಕು ತಟ್ಟೆಯನ್ನು ತಂದಿಟ್ಟ. ಸಾತಿಬಾಲ್ದಿ ಚಾಕು ತೆಗೆದು, ಪದ್ಧತಿಯಂತೆ ಮೊದಲು ಕಿವಿ ಕೊಯ್ದ. ಹಿರಿಯರ ಮಾತು ಕೇಳಲಿ ಎಂದು ಅದನ್ನು ಚಿಕ್ಕವರಿಗೆ ಕೊಡುವುದು ರೂಢಿ. ಅವನು ಎದ್ದು ಹೋಗಿ ಉಪಮಂತ್ರಿಯ ಕೈಗಿಟ್ಟ. "ತಿನ್ನಪ್ಪಾ. ಈಗ ನಾನು ಹೇಳೋದು ಕೇಳಬೇಕು."

ಕ್ಯಾಮೆರಾ ನೋಡುತ್ತಿತ್ತು. ತಲೆ ತೆಗೆದುಕೊಂಡವನು ಕೊಟ್ಟದ್ದನ್ನು ಒಲ್ಲೆ ಎಂದರೆ ಇಡೀ ದೇಶ ಉಗಿಯುತ್ತದೆ. ಉಪಮಂತ್ರಿ ಕಿವಿಯನ್ನು ಬಾಯಿಗೆ ಹಾಕಿ ಅಗಿಯತೊಡಗಿದ.

ಸಾತಿಬಾಲ್ದಿ ಬಾಯಿ ತೆರೆದ. ಮಗಳ ಮುಖ ಕಣ್ಣಮುಂದೆ ಬಂತು. ಹಂಡೆಯ ಕಡೆ ನೋಡಿದ. ತುರ್ಗಾನ್ ಸೌಟು ಹಿಡಿದು ನಿಂತಿದ್ದವಳು ಮೆಲ್ಲನೆ ತಲೆಯಾಡಿಸಿದಳು.

"ಫ್ರಿಜ್ಜು ಇರಲಿಲ್ಲ," ಎಂದ ಅವನು. "ಮೆಷಿನ್ನೂ ಇಲ್ಲ, ಪೆಟ್ಟಿಗೇನೂ ಇಲ್ಲ. ಹಾಸಿಗೆ ದಿಂಬು. ನಮ್ಮವಳು ಹೊಲಿದದ್ದು. ಅಷ್ಟೇ ಇತ್ತು ನಮ್ಮ ಹತ್ರ. ಬೀಗರ ಮುಂದೆ ಸಣ್ಣವನಾಗ್ಬಾರ್ದು ಅಂತ ಸುಳ್ಳು ಹೇಳ್ದೆ. ನಾಚಿಕೆಯಾಗುತ್ತೆ. ಆದ್ರೆ ದಿಂಬಿಗೆ ಮುರಿಯೋ ಸೇತುವೆ ಕಟ್ಟಿದವರಿಗೆ ಎಷ್ಟಾಗ್ಬೇಕು, ನೀವೇ ಹೇಳಿ."

ಉಪಮಂತ್ರಿಯ ಬಾಯಲ್ಲಿ ಕಿವಿ ಇತ್ತು. ಕುರಿಯ ಕಿವಿ ಅಗಿದಷ್ಟೂ ಮುಗಿಯುವುದಿಲ್ಲ. ಅವನು ಅಗಿಯುತ್ತಲೇ ಎದ್ದು, ಸಹಿ ಹಾಕದೆ ಕಾರು ಹತ್ತಿದ. ಮಿಕ್ಕವರೂ ಹಿಂಬಾಲಿಸಿದರು. ಟೀವಿಯ ಹುಡುಗಿಯೊಬ್ಬಳೇ ಉಳಿದು ಎರಡು ಬಟ್ಟಲು ಸಾರು ಕುಡಿದಳು.

ಆದರೆ ಸಾತಿಬಾಲ್ದಿಗೆ ತುತ್ತು ಇಳಿಯಲಿಲ್ಲ. ಫೋನು ಬಡಿದುಕೊಂಡಾಗ, ಆಚೆ ದಡದ ಬೀಗ ಎಸೆನಾಲಿಯ ಹೆಸರು ಕಂಡು ಚಾಕು ಕೆಳಗಿಟ್ಟು ಎತ್ತಿಕೊಂಡ. ತುರ್ಗಾನ್ ಬಂದು ಕಿವಿಗೆ ಕಿವಿ ತಾಗಿಸಿ ನಿಂತಳು.

"ಬೀಗರೇ," ಎಂದ ಎಸೆನಾಲಿ, "ನಿಮ್ಮ ಹಾಸಿಗೆಗಳು ನಮ್ಮ ಬೇಲಿ ಮೇಲೆ ಒಣಗಿ ವಾರವಾಯ್ತು. ಬಿದ್ದ ದಿನವೇ ಹುಡುಗರು ಹೊಳೆಗಿಳಿದು ಒಂದೂ ಬಿಡದೆ ಹಿಡಿದ್ರು."

"ಹಾಗಾದ್ರೆ ನಿಮಗೆ... ಮೊದಲೇ ಗೊತ್ತಿತ್ತಾ?"

"ಅಲ್ಲ ಸ್ವಾಮಿ, ಇಡೀ ದೇಶಕ್ಕೆ ವಾರವೆಲ್ಲ ತೋರಿಸಿದ್ರಲ್ಲ! ಭಾರವಾದದ್ದು ಎಲ್ಲಾದ್ರೂ ಹಾಗೆ ತೇಲುತ್ತಾ? ನೀವು ಫ್ರಿಜ್ಜು ಅಂದ್ರಿ, ನಾವು ಹೂಂ ಅಂದ್ವಿ. ನಮ್ಮ ಬೀಗರನ್ನ ಸುಳ್ಳ ಅನ್ನೋಕಾಗುತ್ತಾ? ಕೇಸು ಹಾಕಿದ್ರೆ ಹಾಸಿಗೆ ಹೊತ್ಕೊಂಡು ಸಾಕ್ಷಿ ಹೇಳೋಕೆ ನಾನೇ ಬರೋನಿದ್ದೆ."

ಫೋನನ್ನು ತುರ್ಗಾನ್ ಕಿತ್ತುಕೊಂಡಳು.

"ಹಸಿರು ಹಾಸಿಗೆ ಬಣ್ಣ ಬಿಡ್ತಾ ಅಣ್ಣಾ?"

"ಒಂಚೂರೂ ಇಲ್ಲ ತಂಗೀ. ಸೇತುವೆ ಕಟ್ಟೋ ಕೆಲಸ ನಿನಗೇ ಕೊಡಬೇಕಿತ್ತು."