ಬಟ್ಟಲಿಗೆ ಐನೂರ ಹತ್ತು

ಪುಟ್ಟಿಗೆ ಹತ್ತು ವರ್ಷವಾಗಿದ್ದಾಗ ದೊಡ್ಡಮ್ಮ ಅವಳನ್ನು ತನ್ನ ಹೋಟೆಲಿನ ಉಗ್ರಾಣದಲ್ಲಿದ್ದ ಹಿಟ್ಟಿನ ತಕ್ಕಡಿಯ ಮೇಲೆ ನಿಲ್ಲಿಸಿದ್ದಳು. ಮಧ್ಯಾಹ್ನ ಊಟಕ್ಕೆ ಬಂದಿದ್ದ ಗೆಳತಿಯರನ್ನೆಲ್ಲ ಒಳಗೆ ಕರೆದು, ಮುಳ್ಳು ಒಂದು ಕಡೆ ನಿಲ್ಲುವವರೆಗೂ ಕಾದು, "ಐವತ್ತೆರಡು! ನೋಡ್ರಮ್ಮಾ, ಇದು ಹುಡುಗಿಯಲ್ಲ, ಪೀಪಾಯಿ!" ಎಂದು ಸಾರಿದ್ದಳು. ಗೆಳತಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದರು. ಅಪ್ಪ ಹೋಗಿ ಆಗಿನ್ನೂ ಮೂರು ತಿಂಗಳು. ತಾಯಿ ಮಗಳಿಗೆ ಹೋಟೆಲಿನ ಮೇಲಿನ ಕೋಣೆ ಸಿಕ್ಕಿತ್ತು, ತಾಯಿಗೆ ಹೋಟೆಲಿನ ಒಲೆ ಸಿಕ್ಕಿತ್ತು. ಎದುರಾಡುವುದಕ್ಕೆ ಬಾಯಿ ಎಲ್ಲಿಂದ ಬರಬೇಕು? ಅಂದಿನಿಂದ ಪುಟ್ಟಿಯ ತಟ್ಟೆ ಎತ್ತಿಸಿದ ದೊಡ್ಡಮ್ಮ, "ಇದಕ್ಕೆ ರಾತ್ರಿ ತರಕಾರಿ ಸೂಪು ಒಂದೇ ಸಾಕು" ಎಂದು ಅಪ್ಪಣೆ ಮಾಡಿದಳು.

ಆ ಸೂಪಿನ ರುಚಿ ನೋಡಿದವಳೂ ಅವಳೇ. ಮಗುವಿನ ಬಟ್ಟಲಿನಿಂದ ಒಂದು ಚಮಚ ಬಾಯಿಗಿಟ್ಟುಕೊಂಡು, "ಏನೇ ಇದು, ಬರೀ ತರಕಾರಿ ನೀರು ಇಷ್ಟು ಚೆನ್ನಾಗಿರತ್ತಾ?" ಎಂದು ಬೆರಗಾಗಿ, ಮರುವಾರವೇ ಮೆನುವಿನ ನೆತ್ತಿಯ ಮೇಲೆ ಕೂರಿಸಿದಳು. 'ಹಗುರ ಸೂಪು'. ಪಕ್ಕದಲ್ಲಿ ತನ್ನದೇ ಫೋಟೋ. ಕೆಳಗೆ, 'ದಿನಾ ಎರಡು ಬಟ್ಟಲು, ಇದೇ ನನ್ನ ಗುಟ್ಟು.' ಹನ್ನೊಂದು ವರ್ಷದಿಂದ ಊರಿನ ಹೆಂಗಸರು ಆ ಗುಟ್ಟನ್ನು ಕುಡಿಯುತ್ತಿದ್ದರು. ಹನ್ನೊಂದು ವರ್ಷದಿಂದ ದೊಡ್ಡಮ್ಮ ದರ್ಜಿಗಳನ್ನು ಬದಲಾಯಿಸುತ್ತಿದ್ದಳು, ಎಲ್ಲರೂ ಅವಳ ರವಿಕೆಗಳನ್ನು ಬಿಗಿ ಹೊಲಿಯುತ್ತಿದ್ದರಂತೆ.

ಈ ವರ್ಷ ಹೊಸ ಕಾನೂನು ಬಂತು. ಪ್ರತಿ ಹೋಟೆಲಿನವರೂ ಪ್ರತಿ ತಿನಿಸಿನ ಮುಂದೆ ಅದರ ಕ್ಯಾಲೊರಿ ಎಷ್ಟೆಂದು ಬರೆದು ತೂಗುಹಾಕಬೇಕು, ಆಹಾರಶಾಸ್ತ್ರ ಓದಿ ಬಲ್ಲವರೊಬ್ಬರು ಕೆಳಗೆ ಸಹಿ ಮಾಡಬೇಕು.

"ಹೊರಗಿನವರು ಯಾಕೆ? ನಮ್ಮ ಪೀಪಾಯಿ ಅದನ್ನೇ ತಾನೇ ಓದಿರೋದು. ಮಾಡ್ತೀಯೇನೇ?" ಎಂದಳು ದೊಡ್ಡಮ್ಮ.

ಪುಟ್ಟಿ ತಲೆಯಾಡಿಸಿದಳು. ಆ ಮನೆಯಲ್ಲಿ ಅವಳ ಮಾತು ಅಷ್ಟೇ. ಕಾಲೇಜಿನಲ್ಲೂ ಪ್ರಶ್ನೆ ಕೇಳಲು ಎದ್ದು ನಿಲ್ಲದೆ ಚೀಟಿಯಲ್ಲಿ ಬರೆದು ಕಳಿಸುತ್ತಿದ್ದವಳು. ಆದರೆ ಹತ್ತನೇ ವರ್ಷದಿಂದ ಎದೆಯೊಳಗೆ ಒಂದು ಕೆಂಡ ಇತ್ತು. ಬೂದಿ ಮುಚ್ಚಿತ್ತು, ಆರಿರಲಿಲ್ಲ.

ಅಡುಗೆಮನೆಯಲ್ಲಿ ಪುಟ್ಟ ತಕ್ಕಡಿ ಇಟ್ಟುಕೊಂಡು ಒಂದೊಂದೇ ತಿನಿಸನ್ನು ಅಮ್ಮನ ಕೈಲಿ ಮಾಡಿಸಿದಳು. ಪಾತ್ರೆಗೆ ಬೀಳುವ ಮುಂಚೆ ಪ್ರತಿಯೊಂದೂ ತಕ್ಕಡಿ ಏರಬೇಕು. ಸೂಪಿನ ಸರದಿಯಲ್ಲಿ ಅಮ್ಮ ಕುಂಬಳಕಾಯಿ, ಕ್ಯಾರೆಟ್, ಈರುಳ್ಳಿ, ಉಪ್ಪು ಎಲ್ಲ ತೂಗಿಸಿ, ಬೇಯಿಸಿ, ರುಬ್ಬಿ ಕೊಟ್ಟಳು. ಬಟ್ಟಲಿಗೆ ತೊಂಬತ್ತು ಕ್ಯಾಲೊರಿ. ಸುದ್ದಿ ಕೇಳಿದ್ದೇ ತಡ, ದೊಡ್ಡಮ್ಮ ಬೀದಿಯ ಈ ತುದಿಯಿಂದ ಆ ತುದಿಯವರೆಗೂ "ತೊಂಬತ್ತೇ ತೊಂಬತ್ತು!" ಎಂದು ಡಂಗುರ ಹೊಡೆದು ಬಂದಳು.

ಪುಟ್ಟಿ ಒಂದು ಚಮಚ ಕುಡಿದು ನೋಡಿದಳು. ಸಪ್ಪೆ.

"ಅಮ್ಮ, ಇದು ಆ ಸೂಪಲ್ಲ."

"ಕಂಡಿದ್ದನ್ನ ಬರ್ಕೋ. ಕೆಲಸ ಇದೆ ನಂಗೆ."

ಮರುದಿನ ಹನ್ನೊಂದು ಗಂಟೆಗೆ, ಗಿರಾಕಿಗಳ ಸೂಪು ಕುದಿಯುವ ಹೊತ್ತಿಗೆ, ಪುಟ್ಟಿ ಸದ್ದಿಲ್ಲದೆ ಕೆಳಗಿಳಿದಳು. ಅಮ್ಮ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು. ಕೈಯಲ್ಲಿ ಬೆಣ್ಣೆಯ ದೊಡ್ಡ ಗಟ್ಟಿ, ಪಕ್ಕದಲ್ಲಿ ಕೆನೆಯ ಜಗ್ಗು. ಕೇಕು ಬೇಯಿಸುವ ಅಡುಗೆಮನೆಯಲ್ಲಿ ಬೆಣ್ಣೆ ಯಾರ ಕಣ್ಣಿಗೂ ಬೀಳದು. ತಲೆಗೂದಲಿಗೆ ಈರುಳ್ಳಿ ವಾಸನೆ ಹತ್ತುತ್ತದೆಂದು ದೊಡ್ಡಮ್ಮನಂತೂ ಇತ್ತ ಕಾಲೇ ಇಡುತ್ತಿರಲಿಲ್ಲ.

ಪುಟ್ಟಿ ತಕ್ಕಡಿ ತಂದು ಅಮ್ಮನ ಮುಂದಿಟ್ಟಳು. ಅಮ್ಮ ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಬೆಣ್ಣೆಯನ್ನು ಅದರ ಮೇಲಿಟ್ಟಳು. ಆರುನೂರು ಗ್ರಾಂ. ಕೆನೆ, ಸಾವಿರದ ಇನ್ನೂರು. ಇಪ್ಪತ್ತು ಬಟ್ಟಲಿನ ಪಾತ್ರೆಗೆ. ಬಟ್ಟಲಿಗೆ ಐನೂರ ಹತ್ತು ಕ್ಯಾಲೊರಿ.

"ಯಾವಾಗಿಂದ?"

"ಬೆಳೆಯೋ ಮಗು, ನೀರು ಕುಡಿದು ಮಲಗೋದನ್ನ ನೋಡ್ಕೊಂಡಿರ್ಲಾ? ಮೊದಲನೇ ದಿನ ನಿನಗೆ ಅಂತ ಹಾಕಿದೆ." ಅಮ್ಮ ಬೆಣ್ಣೆಯನ್ನು ಪಾತ್ರೆಗೆ ಜಾರಿಸಿ, ಕರಗಿ ಮಾಯವಾಗುವವರೆಗೂ ಕಲಕಿದಳು. "ಎರಡನೇ ದಿನದಿಂದ ಅವಳಿಗೆ ಅಂತ ಹಾಕಿದೆ."

ಹನ್ನೊಂದು ವರ್ಷ ತಲೆ ತಗ್ಗಿಸಿಕೊಂಡು "ಹೂಂ ಅಕ್ಕ, ಆಯ್ತಕ್ಕ" ಎನ್ನುತ್ತಿದ್ದ ಅಮ್ಮ! ಪುಟ್ಟಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು.

"ನಾನು ಐನೂರ ಹತ್ತು ಅಂತಲೇ ಬರೀತೀನಿ. ಫೋಟೋ ಪಕ್ಕದಲ್ಲೇ."

"ಹುಚ್ಚುಹುಚ್ಚಾಗಿ ಆಡಬೇಡ. ತೊಂಬತ್ತು ಅಂತ ಬರಿ. ಗೊತ್ತಾದರೆ ಆ ಕ್ಷಣವೇ ಇಬ್ಬರೂ ಬೀದಿಗೆ. ಅವಳು ಕುಡೀತಾ ಇರ್ಲಿ, ಗೊತ್ತಿಲ್ಲದೇ ಊದ್ತಾ ಇರ್ಲಿ. ನಂಗಷ್ಟು ಸಾಕು."

"ನಂಗೆ ಸಾಲಲ್ಲ."

ಅಮ್ಮ ತಿರುಗಿ ನೋಡಿದಳು. ಮಗಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ.

ಎರಡು ದಿನ ಪುಟ್ಟಿ ಎರಡು ಪಟ್ಟಿ ಬರೆದಿಟ್ಟುಕೊಂಡು ಕೂತಳು. ಒಂದರಲ್ಲಿ ಸೂರು ಉಳಿಯುತ್ತಿತ್ತು, ಅಮ್ಮನ ಒಲೆ ಉಳಿಯುತ್ತಿತ್ತು, ಆದರೆ ದೊಡ್ಡಮ್ಮನ ನಗುಮುಖದ ಕೆಳಗೆ ತನ್ನ ಸಹಿಯಿರುವ ಸುಳ್ಳೊಂದು ಕಾಯಂ ಆಗಿ ನೇತಾಡುತ್ತಿತ್ತು. ಮೂರನೇ ದಿನ ಎದುರು ಬೇಕರಿಯವರ ಹಿತ್ತಿಲ ಕೋಣೆಯನ್ನು ನೋಡಿಕೊಂಡು ಬಂದಳು. ಅವರಿಗೂ ಪಟ್ಟಿ ಮಾಡಿಕೊಡುವವರು ಬೇಕಿತ್ತು. ಬಂದವಳೇ ಒಂದು ಪಟ್ಟಿಯನ್ನು ಹರಿದು, ಇನ್ನೊಂದಕ್ಕೆ ಸಹಿ ಹಾಕಿ, ನೇರ ಬೋರ್ಡು ಬರೆಯುವವನ ಅಂಗಡಿಗೆ ಕೊಟ್ಟಳು.

ಭಾನುವಾರ ಮಧ್ಯಾಹ್ನ ಗೆಳತಿಯರೆಲ್ಲ ನೆರೆದರು. ಗೋಡೆಯ ಬೋರ್ಡಿಗೆ ಬಟ್ಟೆ ಹೊದಿಸಿತ್ತು. ದೊಡ್ಡಮ್ಮ ಬೋರ್ಡಿಗೆ ಬೆನ್ನು ಮಾಡಿ, ಸಭೆಗೆ ಮುಖ ಮಾಡಿ, ಕೈ ಹಿಂದಕ್ಕೆ ಚಾಚಿ ಬಟ್ಟೆ ಸರಕ್ಕನೆ ಎಳೆದಳು.

"ಓದೇ ಪೀಪಾಯಿ! ಜೋರಾಗಿ, ಎಲ್ಲರಿಗೂ ಕೇಳಲಿ. ಹಗುರ ಸೂಪು ಎಷ್ಟು?"

ಪುಟ್ಟಿ ಬೋರ್ಡಿನ ಪಕ್ಕಕ್ಕೆ ಬಂದು ನಿಂತಳು.

"ಐನೂರ ಹತ್ತು."

"ಏ, ತೊಂಬತ್ತು ಅನ್ನೇ!"

"ಬಟ್ಟಲಿಗೆ ಐನೂರ ಹತ್ತು. ನೀವು ದಿನಾ ಎರಡು ಕುಡೀತೀರಿ ದೊಡ್ಡಮ್ಮ. ಸಾವಿರದ ಇಪ್ಪತ್ತು."

ಚಮಚಗಳು ನಿಂತವು. ಬ್ಯಾಂಕಿನಲ್ಲಿ ಕೆಲಸ ಮಾಡುವವಳು ತನ್ನ ಸೊಂಟ ನೋಡಿಕೊಂಡಳು, ಆಮೇಲೆ ಪಕ್ಕದ ಟೀಚರಮ್ಮನ ಸೊಂಟ ನೋಡಿದಳು. "ಅಯ್ಯೋ ನನ್ನ ಕರ್ಮ! ಈ ನಿಮ್ಮ ಗುಟ್ಟು ನಂಬ್ಕೊಂಡು ಮನೇಲಿ ಊಟ ಬಿಟ್ಟಿದ್ನಲ್ರೀ!" ಎಂದಳು ಟೀಚರಮ್ಮ. ಯಾರೋ ಒಬ್ಬಳು ಕಿಸಕ್ಕೆಂದಳು. ಒಬ್ಬಳ ನಗು ಇನ್ನೊಬ್ಬಳಿಗೆ ಹತ್ತಿತು. ದೊಡ್ಡಮ್ಮ ತಿರುಗಿ ಬೋರ್ಡು ನೋಡಿದಳು. ಅಲ್ಲಿ ಅಂಟಿಸಿದ್ದ ಹಳೇ ಫೋಟೋದಲ್ಲಿದ್ದ ತೆಳ್ಳಗಿನವಳು ಅವಳನ್ನೇ ನೋಡಿ ನಗುತ್ತಿದ್ದಳು.

"ಯಾರೇ... ಯಾರೇ ಸೂಪಿಗೆ ಏನೋ ಹಾಕಿದ್ದು?"

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ನಾನೇ ಅಕ್ಕ. ಬೆಣ್ಣೆ, ಕೆನೆ. ನಿಮಗೆ ಇಷ್ಟ ಆಗಿತ್ತಲ್ಲ?"

ಅರ್ಧ ಗಂಟೆಯಲ್ಲಿ ಮೇಲಿನ ಕೋಣೆ ಖಾಲಿಯಾಯಿತು. ಎರಡು ಪೆಟ್ಟಿಗೆ, ಒಂದು ಹಾಸಿಗೆ, ಪುಟ್ಟಿಯ ಪುಸ್ತಕಗಳ ಕಟ್ಟು. ಮೆಟ್ಟಿಲಿಳಿಯುವಾಗ ಅಮ್ಮ ಗೊಣಗುತ್ತಲೇ ಇದ್ದಳು.

"ಹನ್ನೊಂದು ವರ್ಷ ಕಾಪಾಡ್ಕೊಂಡು ಬಂದಿದ್ದೆ. ಒಂದೇ ನಿಮಿಷದಲ್ಲಿ ಮುಗಿಸಿಬಿಟ್ಟೆಯಲ್ಲೇ. ಇನ್ನು ನಂಗೇನಿದೆ?"

"ಗೊತ್ತಾಗದೇ ಇದ್ರೆ ಅದ್ಯಾವ ಸೇಡಮ್ಮ?"

"ಗೊತ್ತಾಗದೇ ಇರೋದೇ ಸೇಡು ಕಣೇ. ನೀನಿನ್ನೂ ಮಗು."

ಬೀದಿಗಿಳಿದಾಗ ಹೋಟೆಲಿನ ದೊಡ್ಡ ಕಿಟಕಿ ಎದುರಿಗಿತ್ತು. ಗೆಳತಿಯರೆಲ್ಲ ಹೋಗಿಯಾಗಿತ್ತು. ಖಾಲಿ ಮೇಜುಗಳ ನಡುವೆ ದೊಡ್ಡಮ್ಮ ಒಬ್ಬಳೇ ಕೂತಿದ್ದಳು. ಮುಂದೆ ಒಂದು ಬಟ್ಟಲು. ಅದನ್ನು ಆಚೆ ತಳ್ಳಿದಳು. ಬಾಗಿಲ ಕಡೆ ನೋಡಿದಳು. ಮತ್ತೆ ಈಚೆ ಎಳೆದುಕೊಂಡು ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಮುಚ್ಚಿತು. ತೆರೆದಾಗ ಎದುರು ಗೋಡೆಯ ಮೇಲಿನ ಸಂಖ್ಯೆ. ಮುಖ ಹುಳ್ಳಗಾಯಿತು. ಆದರೂ ಚಮಚ ಮತ್ತೆ ಇಳಿಯಿತು, ಮತ್ತೆ ಎದ್ದಿತು.

ತಾಯಿ ಮಗಳು ಪೆಟ್ಟಿಗೆ ಕೆಳಗಿಟ್ಟು, ಬಟ್ಟಲು ತಳ ಕಾಣುವವರೆಗೂ ನಿಂತು ನೋಡಿದರು.

"ಬಿಡೋಕ್ಕಾಗ್ತಿಲ್ಲ ಅವಳಿಗೆ" ಎಂದಳು ಅಮ್ಮ ಮೆಲ್ಲಗೆ. "ಪ್ರತಿ ಗುಟುಕಿಗೂ ಎಣಿಸ್ಕೊಂಡು ಕುಡೀತಿದಾಳೆ, ನೋಡು."

ಪುಟ್ಟಿ ಪುಸ್ತಕಗಳ ಕಟ್ಟನ್ನು ಎತ್ತಿಕೊಂಡಳು. ಅಮ್ಮ ಪೆಟ್ಟಿಗೆಯನ್ನು ಸೊಂಟಕ್ಕೇರಿಸಿಕೊಂಡು, ಬೇಕರಿಯ ಕಡೆಗೆ ಹೆಜ್ಜೆ ಹಾಕಿದಳು.

"ಹೂಂ. ನಿನ್ನ ಸೇಡೂ ಪರವಾಗಿಲ್ಲ ಕಣೇ."