ಐದು ದೀಪದ ಡಬ್ಬಿ

ಅಕ್ಕ ನನ್ನ ಅಂಗಡಿಗೆ ಬರುವುದೇ ಅಪರೂಪ. ಬಂದರೂ ಬಾಗಿಲಲ್ಲೇ ನಿಂತು, "ಈ ಧೂಳಲ್ಲಿ ಹೇಗೋ ಕೂತಿರ್ತೀಯ?" ಎಂದು ಮೂಗು ಮುರಿದು ಹೋಗುವವಳು. ಆವತ್ತು ನೆಟ್ಟಗೆ ಒಳಗೆ ಬಂದು, ಸ್ಟೂಲಿನ ಮೇಲಿದ್ದ ಯಾರದೋ ಮಿಕ್ಸಿಯನ್ನು ತಾನೇ ಎತ್ತಿ ಕೆಳಗಿಟ್ಟು ಕೂತಳು.

"ನನಗೊಂದು ಡಬ್ಬಿ ಮಾಡಿಕೊಡು. ಟೀವಿಲಿ ದೆವ್ವ ಹುಡುಕ್ತಾರಲ್ಲ, ಅವರ ಕೈಲಿರುತ್ತಲ್ಲ, ಅಂಥದ್ದು."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಆ ಕಾರ್ಯಕ್ರಮ ನನಗೆ ಗೊತ್ತಿತ್ತು. ದಿನಾ ಸಂಜೆ ಐದಕ್ಕೆ ಬರುತ್ತದೆ. ದಪ್ಪ ಕನ್ನಡಕದ ಒಬ್ಬ ಮನುಷ್ಯ ಪಾಳುಮನೆಗಳಲ್ಲಿ ಅಂಗೈಯಗಲದ ಕಪ್ಪು ಡಬ್ಬಿ ಹಿಡಿದು ತಿರುಗುತ್ತಾನೆ. ಡಬ್ಬಿಯ ಮೇಲೆ ಸಾಲಾಗಿ ಐದು ದೀಪ, ಮೊದಲಿನದು ಹಸಿರು, ಕೊನೆಯದು ಕೆಂಪು. "ಇಲ್ಲಿ ಯಾರಾದರೂ ಇದ್ದೀರಾ?" ಎಂದು ಕೇಳುತ್ತಾನೆ. ದೀಪ ಹತ್ತುತ್ತದೆ. ಅಲ್ಲಿಗೆ ಸರಿಯಾಗಿ ಜಾಹೀರಾತು ಬರುತ್ತದೆ. ಮೂವತ್ತೊಂದು ವರ್ಷದಿಂದ ಫ್ಯಾನು, ರೇಡಿಯೊ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿಕೊಂಡು ಬಂದ ನನಗೆ ಆ ಮನುಷ್ಯನನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

"ಅದೆಲ್ಲ ಬೂಟಾಟಿಕೆ ಅಕ್ಕ. ಹೆಬ್ಬೆರಳ ಕೆಳಗೆ ಒಂದು ಗುಂಡಿ ಇಟ್ಕೊಂಡಿರ್ತಾನೆ, ಬೇಕಾದಾಗ ಒತ್ತುತಾನೆ."

"ಅದಕ್ಕೇ ನಿನ್ನ ಹತ್ರ ಬಂದಿದ್ದು. ಗುಂಡಿ ಗಿಂಡಿ ಬೇಡ. ನಿಜವಾಗ್ಲೂ ಕೆಲಸ ಮಾಡೋದು ಬೇಕು."

"ಏನು ಮಾಡ್ತೀಯ ಅದನ್ನ?"

"ಅವರನ್ನ ಒಂದು ಮಾತು ಕೇಳಬೇಕು." ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆವತ್ತು ಮಧ್ಯಾಹ್ನ ನನ್ನನ್ನ ಕರೆದ್ರಾ ಅಂತ."

ಭಾವ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. ಅದಕ್ಕೂ ಮುಂಚೆ ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ಮಾತು ಪೂರ್ತಿ ಹೋಗಿರಲಿಲ್ಲ, ಆದರೆ ದನಿ ಮಂಚ ದಾಟುತ್ತಿರಲಿಲ್ಲ. ಅದಕ್ಕೆ ನಾನೇ ಒಂದು ಬೆಲ್ ಹಾಕಿಕೊಟ್ಟಿದ್ದೆ. ದಿಂಬಿನ ಪಕ್ಕ ಒಂದು ಸ್ವಿಚ್ಚು, ಶಾಕ್ ಹೊಡೆಯದಿರಲೆಂದು ಕರೆಂಟನ್ನು ತಗ್ಗಿಸುವ ಸಣ್ಣ ಟ್ರಾನ್ಸ್‌ಫಾರ್ಮರು ಬೀರುವಿನ ಹಿಂದೆ, ಬೆಲ್ಲು ಅಡುಗೆಮನೆಯ ಬಾಗಿಲ ಮೇಲೆ. ಬೆಲ್ ಹೊಡೆದರೆ ಅಕ್ಕ "ಬಂದೆ, ಬಂದೆ!" ಎಂದು ಒದ್ದೆ ಕೈಯಲ್ಲೇ ಓಡುವಳು. "ಏನು ಬೇಕಿತ್ತು?" ಎಂದರೆ ಭಾವ, "ಏನಿಲ್ಲ, ಸುಮ್ನೆ ಕರೆದೆ" ಎನ್ನುವರು. ದಿನಕ್ಕೆ ಮೂವತ್ತು ನಲವತ್ತು ಸಲ ಇದೇ ನಡೆಯುತ್ತಿತ್ತು. ನಾನು ಹೋದಾಗಲಂತೂ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿಯೇ ಒತ್ತುತ್ತಿದ್ದರು. ಕೊನೆಯ ದಿನ ಊಟವಾದ ಮೇಲೆ ಅಕ್ಕನಿಗೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕಣ್ಣು ಹತ್ತಿತ್ತು. ನಾಲ್ಕಕ್ಕೆ ಎದ್ದು ಹೋಗಿ ನೋಡಿದರೆ ಭಾವ ಇರಲಿಲ್ಲ.

"ಕರೆದಿದ್ರೆ ಬೆಲ್ ಹೊಡೀತಿತ್ತಲ್ಲ ಅಕ್ಕ. ನಾನೇ ಹಾಕಿದ್ದು."

ಅವಳು ಸ್ಟೂಲಿನಿಂದ ಎದ್ದಳು. "ಮಾಡಿಕೊಡ್ತೀಯೋ ಇಲ್ವೋ?" ಎಂದಳು. ಅಕ್ಕ ಹಿಡಿದ ಪಟ್ಟು ಬಿಡುವವಳಲ್ಲ. ಒಪ್ಪಿಕೊಂಡೆ.

ಅವಳು ಹೋದ ಮೇಲೆ ನನ್ನ ಜಂಬ ಇಳಿಯಿತು. ನಾಲ್ಕು ತಿಂಗಳಿಂದ ಆ ಬೆಲ್ಲನ್ನು ಯಾರೂ ಒತ್ತಿ ನೋಡಿರಲಿಲ್ಲ. ಆವತ್ತು ಅದೇ ಕೈಕೊಟ್ಟಿದ್ದರೆ? ನನ್ನ ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ವಸ್ತುವಿಗೂ ನಾನೊಂದು ಚೀಟಿ ಕಟ್ಟುತ್ತೇನೆ. ದೋಷ ಏನಿತ್ತು, ಏನು ಮಾಡಿದೆ, ತಪ್ಪು ನನ್ನದಾಗಿದ್ದರೆ ಅದನ್ನೂ ಬರೆಯುತ್ತೇನೆ. ಗಿರಾಕಿಗಳು ನನ್ನನ್ನು 'ಚೀಟಿ ಮೇಷ್ಟ್ರು' ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಆದರೆ ಅಂಥ ಚೀಟಿಯನ್ನು ಅಕ್ಕನ ಕೈಗೆ ಹೇಗೆ ಕೊಡುವುದು ಎಂದು ಯೋಚಿಸಿ ಊಟ ಸೇರಲಿಲ್ಲ.

ಡಬ್ಬಿಯ ಅಳತೆಗೆಂದು ಮೂರು ಸಂಜೆ ಅಕ್ಕನ ಮನೆಯ ಟೀವಿಯ ಮುಂದೆ ಸ್ಕೇಲ್ ಹಿಡಿದು ಕೂತೆ. ಕನ್ನಡಕದವನ ಹೆಬ್ಬೆರಳು ನನ್ನ ಹೆಬ್ಬೆರಳಷ್ಟೇ ಉದ್ದ ಎಂದು ಇಟ್ಟುಕೊಂಡು ಉಳಿದದ್ದನ್ನು ಲೆಕ್ಕ ಹಾಕಿದೆ. "ಅವನದು ಇನ್ನೂ ಸಪೂರ ಕಣೋ, ನಿನ್ನದು ಬದನೆಕಾಯಿ ಇದ್ದಂಗಿದೆ" ಎಂದು ಅಕ್ಕ ತಗಾದೆ ತೆಗೆದಳು. ನಾಲ್ಕು ತಿಂಗಳಲ್ಲಿ ಅವಳು ನನ್ನನ್ನು ರೇಗಿಸಿದ್ದು ಅದೇ ಮೊದಲು, ಹಾಗಾಗಿ ಸಿಟ್ಟು ಬರಲಿಲ್ಲ.

ಕಪ್ಪು ಸೋಪಿನ ಡಬ್ಬಿ ಸರಿಹೊಂದಿತು. ಒಳಗೆ ಮುಖ್ಯವಾದದ್ದು ಸುರುಳಿ. ಕಬ್ಬಿಣದ ಬೋಲ್ಟಿಗೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರದ ಇನ್ನೂರು ಸುತ್ತು ಸುತ್ತಬೇಕು. ಏಳುನೂರ ನಲವತ್ತರಲ್ಲಿದ್ದಾಗ ಒಬ್ಬ ಬಂದು "ನನ್ನ ಫ್ಯಾನ್ ಆಯ್ತಾ?" ಎಂದ. ಲೆಕ್ಕ ತಪ್ಪಿತು. ಅವನಿಗೆ ಚೆನ್ನಾಗಿ ಬೈದು ಮತ್ತೆ ಒಂದರಿಂದ ಶುರುಮಾಡಿದೆ. ಹತ್ತಿರದಲ್ಲೆಲ್ಲಾದರೂ ಕರೆಂಟ್ ಹರಿದರೆ ಈ ಸುರುಳಿಗೆ ಅದು ತಿಳಿಯುತ್ತದೆ, ತಿಳಿದಷ್ಟು ದೀಪ ಹತ್ತುತ್ತದೆ. ಗೋಡೆಯೊಳಗಿನ ವೈರು ಹುಡುಕುವುದಕ್ಕೆ ಒಳ್ಳೆಯ ಸಾಧನ. ದೆವ್ವಕ್ಕೂ ಇದಕ್ಕೂ ಸಂಬಂಧವಿಲ್ಲ.

ಒಂದು ದಿನ ಡಬ್ಬಿಯ ಪಕ್ಕದಲ್ಲಿ ಗುಂಡಿಗೆಂದು ತೂತು ಕೂಡ ಕೊರೆದೆ. ಅಕ್ಕ "ನನ್ನನ್ನ ಕರೆದ್ರಾ?" ಎಂದು ಕೇಳಲಿ, ದೀಪ ಹತ್ತದಿರಲಿ, ಸಮಾಧಾನವಾಗಲಿ. ಇನ್ನೊಂದು ಸಲ ಬೇರೆ ಏನಾದರೂ ಒಳ್ಳೆಯದನ್ನು ಕೇಳಿದಾಗ ಹತ್ತಿಸಿಬಿಟ್ಟರಾಯಿತು ಎಂದು ಲೆಕ್ಕ ಹಾಕಿದ್ದೆ. ಆದರೆ ಮಾರನೆಯ ದಿನ ಆ ತೂತಿಗೆ ಅರಗು ತುಂಬಿ ಮುಚ್ಚಿದೆ. ಅದು ಪ್ರಾಮಾಣಿಕತೆ ಎಂದುಕೊಳ್ಳಬೇಡಿ, ಬರೀ ಜಂಬ. ನನ್ನ ಕೈಯಿಂದ ಸುಳ್ಳು ಸಾಧನ ಹೊರಗೆ ಹೋಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಡಬ್ಬಿ ತೆಗೆದುಕೊಂಡು ಹೋದೆ. ಮೊದಲು ಫ್ರಿಜ್ಜಿನ ಹಿಂದೆ ಹಿಡಿದು ತೋರಿಸಿದೆ. ಮೂರು ದೀಪ. ಮಿಕ್ಸಿ ಹಾಕಿದಾಗ ಐದೂ ಹತ್ತಿದವು. "ಕರೆಂಟ್ ಜಾಸ್ತಿ ಹರಿದಷ್ಟೂ ದೀಪ ಏರುತ್ತೆ. ಎಲ್ಲಾದ್ರೂ ವೈರು ಕಡಿದಿದ್ರೆ ಏರಲ್ಲ. ಇಷ್ಟೇ ಅಕ್ಕ, ಇದಕ್ಕೆ ಬೇರೇನೂ ಗೊತ್ತಿಲ್ಲ" ಎಂದು ಸ್ಪಷ್ಟವಾಗಿ ಹೇಳಿದೆ. ಅವಳು ತಲೆಯಾಡಿಸಿ, ಡಬ್ಬಿ ಇಸಿದುಕೊಂಡು ಭಾವನ ಕೋಣೆಗೆ ಹೊರಟಳು.

ಮಂಚದ ಹತ್ತಿರ ಏನೂ ಇಲ್ಲ. ಕಿಟಕಿಯ ಹತ್ತಿರ ಏನೂ ಇಲ್ಲ. ಬೀರುವಿನ ಬಳಿ ಬಂದಾಗ ಎರಡು ದೀಪ ಹತ್ತಿದವು. ಅಕ್ಕನ ಮುಖ ಬಿಳಿಚಿಕೊಂಡಿತು.

"ಟ್ರಾನ್ಸ್‌ಫಾರ್ಮರು ಅಕ್ಕ," ಎಂದೆ ತಕ್ಷಣ. "ಬೆಲ್ಲಿಂದು. ಅದು ಯಾವಾಗ್ಲೂ ಒಂಚೂರು ಕರೆಂಟ್ ತಗೋತಾನೇ ಇರುತ್ತೆ."

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಳು. ನನಗೆ ಇನ್ನು ತಡೆಯಲಾಗಲಿಲ್ಲ. ನಾಲ್ಕು ತಿಂಗಳಿಂದ ಯಾರೂ ಮುಟ್ಟದ ಆ ಸ್ವಿಚ್ಚನ್ನು ಒತ್ತಿಯೇಬಿಟ್ಟೆ. ಅಡುಗೆಮನೆಯಿಂದ ಸದ್ದೇ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ. ಅಡುಗೆಮನೆಗೆ ಓಡಿದೆ.

ಸ್ಟೂಲು ಹಾಕಿ ಹತ್ತಿ ಬೆಲ್ಲಿನ ಮುಚ್ಚಳ ತೆಗೆದೆ. ಬಟ್ಟಲಿಗೂ ಅದನ್ನು ಹೊಡೆಯುವ ಸುತ್ತಿಗೆಗೂ ನಡುವೆ ನೀಲಿ ಚೌಕಳಿ ಬಟ್ಟೆಯ ಒಂದು ತುಂಡನ್ನು ಮಡಚಿ ಗಟ್ಟಿಯಾಗಿ ತುರುಕಿದ್ದರು. ಅದೇ ಬಟ್ಟೆಯ ಉಳಿದ ಭಾಗ ಒಲೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು.

"ನಾನೇ ಇಟ್ಟಿದ್ದು," ಎಂದಳು ಅಕ್ಕ ಹಿಂದಿನಿಂದ. "ಆವತ್ತು ಬೆಳಗ್ಗೆಯಿಂದ ಇಪ್ಪತ್ತೆರಡು ಸಲ ಕರೆದಿದ್ರು. ಇಪ್ಪತ್ತೆರಡು ಸಲಾನೂ ಸುಮ್ನೆ. ಒಂದು ಗಂಟೆ ನಿದ್ದೆ ಮಾಡಿ ತೆಗೆದುಬಿಡೋಣ ಅಂತಿದ್ದೆ. ಆಮೇಲೆ ಸ್ವಿಚ್ ಮುಟ್ಟೋಕೂ ಧೈರ್ಯ ಬರ್ಲಿಲ್ಲ, ಬಟ್ಟೆ ತೆಗೆಯೋಕೂ ಬರ್ಲಿಲ್ಲ. ಕರೆದು ಕರೆದು ಸಾಕಾಗಿ ಹೋದ್ರೇನೋ ಕಣೋ."

ನಾನು ಇಳಿಯಲಿಲ್ಲ. ಬೆಲ್ಲಿನೊಳಗೆ ಮುಖ ಹುದುಗಿಸಿಕೊಂಡು ನಿಂತೆ. ಅವಳನ್ನು ನೋಡುವುದಕ್ಕೆ ಆಗುತ್ತಿರಲಿಲ್ಲ, ಅಷ್ಟು ಸಂಕಟವಾಗಿತ್ತು.

"ಬಟ್ಟೆಯಿಂದ ಏನೂ ಆಗಿಲ್ಲ ಅಕ್ಕ," ಎಂದೆ. "ಇಲ್ಲಿ ವೈರಿನ ಬೆಸುಗೇನೇ ಬಿಟ್ಟುಹೋಗಿದೆ. ಬಟ್ಟೆ ಇಡದೇ ಇದ್ರೂ ಹೊಡೀತಿರ್ಲಿಲ್ಲ."

"ಆವತ್ತು ಬೆಳಗ್ಗೆ ಹೊಡೆದಿತ್ತಲ್ಲ?"

"ಬೆಸುಗೆಗೇನು, ಯಾವ ಗಳಿಗೇಲಾದ್ರೂ ಬಿಡುತ್ತೆ. ತಪ್ಪು ನನ್ನದು."

ಕೆಳಗಿಳಿದು, ಜೇಬಿನಿಂದ ಚೀಟಿ ಪುಸ್ತಕ ತೆಗೆದು ಬರೆದೆ: 'ದೋಷ: ಬೆಲ್ಲಿನ ಒಳಗೆ ಬೆಸುಗೆ ಬಿಟ್ಟಿದೆ. ಕೆಲಸ ಮಾಡಿದವನ ತಪ್ಪು.' ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು ಚೀಟಿ ಅದು. ಅಕ್ಷರ ಮಾತ್ರ ಎಂದಿಗಿಂತ ದುಂಡಗೆ ಬಂದಿತ್ತು.

ಅಕ್ಕ ಅದನ್ನು ಎರಡು ಸಲ ಓದಿದಳು. ಭಾವನ ಕೋಣೆಗೆ ಹೋಗಿ, ಡಬ್ಬಿಯನ್ನು ಎತ್ತಿ ಬೀರುವಿಗೆ ಒತ್ತಿ ಹಿಡಿದಳು. ಎರಡು ದೀಪ. ಇನ್ನೊಂದು ಕೈ ಚಾಚಿ, ದಿಂಬಿನ ಪಕ್ಕದ ಸ್ವಿಚ್ಚನ್ನು ಒತ್ತಿದಳು. ಮೂರನೆಯದು, ನಾಲ್ಕನೆಯದು, ಕೊನೆಗೆ ಕೆಂಪೂ ಹತ್ತಿತು. ಬಿಟ್ಟಳು, ಎರಡಕ್ಕೆ ಇಳಿಯಿತು. ಮತ್ತೆ ಒತ್ತಿದಳು, ಐದು.

"ವೈರು ಕಡಿದಿದ್ರೆ ಏರಲ್ಲ ಅಂತ ನೀನೇ ಹೇಳಿದ್ದು."

ಒಂದು ಸುಳ್ಳು ಡಬ್ಬಿ ಮಾಡಿಕೊಟ್ಟಿದ್ದರೆ ಆ ಸುಳ್ಳು ಚೀಟಿ ಉಳಿದುಕೊಳ್ಳುತ್ತಿತ್ತು.

"ನಿನ್ನ ಕೆಲಸದಲ್ಲಿ ಒಂದು ದೋಷಾನೂ ಇಲ್ಲ ಕಣೋ," ಎಂದಳು ಅಕ್ಕ. ಚೀಟಿಯನ್ನು ಮಡಚಿ ನನ್ನ ಜೇಬಿಗೆ ಹಾಕಿದಳು. "ಆವತ್ತು ಕರೆದ್ರೋ ಇಲ್ವೋ, ಅದನ್ನ ಈ ಡಬ್ಬಿ ಹೇಳುತ್ತಾ?"

"ಇಲ್ಲ ಅಕ್ಕ. ಈಗಿನದು ಮಾತ್ರ ಹೇಳುತ್ತೆ."

"ಅಂದ್ರೆ ಇನ್ನು ಗೊತ್ತಾಗೋದೇ ಇಲ್ಲ."

"ಇಲ್ಲ," ಎಂದೆ.

ಅವಳು ಮಂಚದ ಮೇಲಿನ ಹಾಸಿಗೆಯನ್ನು ಕೈಯಿಂದ ಸವರಿ ಸರಿಮಾಡಿದಳು. ಆಮೇಲೆ, "ಮಲಗು," ಎಂದಳು.

"ಎಲ್ಲಿ?"

"ಇಲ್ಲೇ. ನಾನು ಅಡುಗೆಮನೇಲಿರ್ತೀನಿ. ಒಂದೈದು ನಿಮಿಷ ಬಿಟ್ಟು ಒತ್ತು."

ಚಿಕ್ಕಂದಿನಿಂದಲೂ ಅವಳು ಹೇಳಿದ್ದನ್ನು ಬೈದುಕೊಂಡಾದರೂ ಮಾಡಿದವನು ನಾನು. ಮಲಗಿದೆ. ಮೇಲೆ ಫ್ಯಾನಿನ ಒಂದು ರೆಕ್ಕೆಗೆ ಮಾತ್ರ ಧೂಳು ಹಿಡಿದಿತ್ತು. ಹದಿನಾಲ್ಕು ತಿಂಗಳು ಭಾವ ನೋಡಿದ್ದು ಇದನ್ನೇ. ನಿಜ ಹೇಳುತ್ತೇನೆ, ಅಲ್ಲಿ ಮಲಗಿದ್ದ ಐದು ನಿಮಿಷದಲ್ಲೇ ನನಗೆ ಯಾರನ್ನಾದರೂ ಕರೆಯಬೇಕೆನಿಸಿತ್ತು. ಅಡುಗೆಮನೆಯಲ್ಲಿ ಸ್ಟೂಲು ಎಳೆದ ಸದ್ದಾಯಿತು, ಬೆಲ್ಲಿನ ಮುಚ್ಚಳ ಕಟಕ್ಕೆಂದಿತು, ನಲ್ಲಿ ಬಿಟ್ಟದ್ದು ಕೇಳಿಸಿತು. ಸ್ವಿಚ್ ಒತ್ತಿದೆ.

ಬೆಲ್ ಮನೆಯೆಲ್ಲ ಕೇಳುವಂತೆ ಹೊಡೆಯಿತು.

"ಬಂದೆ, ಬಂದೆ!"

ನೀರು ತೊಟ್ಟಿಕ್ಕುವ ಕೈಯಲ್ಲಿ, ಏದುಸಿರು ಬಿಡುತ್ತ ಅಕ್ಕ ಬಾಗಿಲಲ್ಲಿ ಬಂದು ನಿಂತಳು. "ಏನು ಬೇಕಿತ್ತು?" ಎಂದಳು.

ನಾನು ಏನನ್ನೂ ಯೋಚಿಸಿಟ್ಟುಕೊಂಡಿರಲಿಲ್ಲ. ಬಾಯಿಗೆ ಬಂದದ್ದು ಒಂದೇ.

"ಏನಿಲ್ಲ ಅಕ್ಕ. ಸುಮ್ನೆ ಕರೆದೆ."

ಅಕ್ಕ ಮಂಚದ ಅಂಚಿನಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಭಾವ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನಾನೂ ಅತ್ತೆ, ಅದನ್ನು ಮುಚ್ಚಿಡುವುದೇನಿದೆ. ಬಹಳ ಹೊತ್ತಿನ ಮೇಲೆ ಅವಳು ಒದ್ದೆ ಕೈಯಿಂದಲೇ ಮುಖ ಒರೆಸಿಕೊಂಡು ಎದ್ದಳು.

"ಇನ್ನೊಂದ್ಸಲ ಕರಿ," ಎಂದು ಹೇಳಿ ಅಡುಗೆಮನೆಗೆ ಹೋದಳು.